ಕೆನನ್ ಬರೆದದ್ದು, ಅಮೆರಿಕ ಓದಿದ್ದು

ಕಾಲೇಜಿನಲ್ಲಿ ಇತಿಹಾಸ ಹೇಳಿ ಹೊಟ್ಟೆ ಹೊರೆದವನು ನಾನು. ಮೂವತ್ತು ವರ್ಷಕ್ಕೂ ಮಿಕ್ಕು ಒಂದೇ ಟಿಪ್ಪಣಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತರಗತಿಗೆ ಹೋಗಿ ಬಂದೆ. ಎರಡನೆಯ ಮಹಾಯುದ್ಧದ ಮುಂದಿನ ಕಾಲಕ್ಕೆ ಬಂದಾಗ ಅದರಲ್ಲಿ ಒಂದು ಸಾಲಿತ್ತು: 'ಜಾರ್ಜ್ ಕೆನನ್ — ರಷ್ಯವನ್ನು ತಡೆಹಿಡಿಯುವ ನೀತಿಯ ಜನಕ.' ಹುಡುಗರು ಅದರ ಕೆಳಗೆ ಗೆರೆ ಎಳೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ ಸಿಕ್ಕುವುದುಂಟು. ಆ ಒಂದು ಅಂಕಕ್ಕಿಂತ ಹೆಚ್ಚಿನ ಬೆಲೆಯನ್ನು ಆ ಹೆಸರಿಗೆ ನಾನೂ ಕೊಟ್ಟಿರಲಿಲ್ಲ, ಹುಡುಗರೂ ಕೊಟ್ಟಿರಲಿಲ್ಲ.

1998ರಲ್ಲಿ ಎಂದು ನೆನಪು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಆ ಕೆನನ್ ಅನ್ನೋರು ಈಗ ಎಲ್ಲಿದ್ದಾರೆ? ರಷ್ಯವೇ ಒಡೆದು ಹೋಯಿತಲ್ಲ, ಅವರು ಏನನ್ನುತ್ತಾರೆ?" ಎಂದು ಕೇಳಿದ. ನಾನು ಟಿಪ್ಪಣಿ ಪುಸ್ತಕದಿಂದ ತಲೆಯೆತ್ತದೆ, "ಕಾಲವಾಗಿರಬೇಕಪ್ಪ" ಎಂದುಬಿಟ್ಟೆ. ಹುಡುಗ ಕುಳಿತ. ಪಾಠ ಮುಂದುವರಿಯಿತು.

ಕೆನನ್ ಕಾಲವಾಗಿರಲಿಲ್ಲ. ತೊಂಬತ್ತನಾಲ್ಕರ ಮುದುಕರಾಗಿ, ಪ್ರಿನ್ಸ್‌ಟನ್ ಎಂಬ ಊರಿನಲ್ಲಿ ಪುಸ್ತಕಗಳ ನಡುವೆ ಕುಳಿತು, ತಮ್ಮ ದೇಶ ಆಗ ಮಾಡುತ್ತಿದ್ದ ಒಂದು ಕೆಲಸವನ್ನು ಕುರಿತು ಕೈಲಾದಷ್ಟು ಗಟ್ಟಿಯಾಗಿ ಬೇಡವೆನ್ನುತ್ತಿದ್ದರು. ಅದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನಿನೊಳಕ್ಕೆ ನುಗ್ಗಿದಾಗ, ಬೆಳಗಿನ ವಾಯುವಿಹಾರದ ಗೆಳೆಯರು, "ನೀವು ಹಿಸ್ಟರಿ ಮೇಷ್ಟರಲ್ಲವೆ, ತಪ್ಪು ಯಾರದು ಹೇಳಿ ನೋಡೋಣ" ಎಂದು ಪಟ್ಟು ಹಿಡಿದರು. ಹೇಳಲಾರದೆ ಮನೆಗೆ ಬಂದು ಪುಸ್ತಕ ತೆರೆದೆ. ಹುಡುಕುತ್ತ ಹೋದಂತೆ ಆ ಒಂದು ಅಂಕದ ಹೆಸರೇ ಮತ್ತೆ ಮತ್ತೆ ಎದುರಾಯಿತು. ಒಬ್ಬ ಮನುಷ್ಯನ ಬಾಳಿನ ದಾರಿ ಹಿಡಿದು ನಡೆದರೆ ಅಮೆರಿಕದ ಮುಕ್ಕಾಲು ಶತಮಾನದ ವಿದೇಶಾಂಗ ನೀತಿಯನ್ನು ಸುತ್ತಿ ಬರಬಹುದೆಂಬುದು ಆಗ ಹೊಳೆಯಿತು. ವಾಚಕರು ನನ್ನೊಡನೆ ಸ್ವಲ್ಪ ದೂರ ಬರಬೇಕು.

ಹಾಸಿಗೆಯಿಂದ ಹೊರಟ ತಂತಿ

ಜಾರ್ಜ್ ಕೆನನ್ ಹುಟ್ಟಿದ್ದು 1904ರ ಫೆಬ್ರವರಿ 16ರಂದು, ಅಮೆರಿಕದ ಮಿಲ್ವಾಕೀ ನಗರದಲ್ಲಿ. ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಅಜ್ಜನ ದಾಯಾದಿಯೊಬ್ಬರು, ಅದೇ ಹೆಸರಿನವರು, ಹತ್ತೊಂಬತ್ತನೆಯ ಶತಮಾನದಲ್ಲಿ ಸೈಬೀರಿಯದ ಸೆರೆವಾಸಿಗಳ ಪಾಡನ್ನು ಕಣ್ಣಾರೆ ಕಂಡು ಬರೆದು ಹೆಸರಾಗಿದ್ದರು. ಹಿರಿಯರ ಹೆಸರಿನೊಂದಿಗೆ ರಷ್ಯದ ಹುಚ್ಚೂ ಹುಡುಗನಿಗೆ ಬಂದಿತೆನ್ನಬೇಕು. ವಿದೇಶಾಂಗ ಸೇವೆ ಸೇರಿ, ಬಾಲ್ಟಿಕ್ ತೀರದ ರೀಗದಲ್ಲಿಯೂ ಬರ್ಲಿನ್‌ನಲ್ಲಿಯೂ ರಷ್ಯನ್ ಭಾಷೆಯನ್ನು ಕಲಿತರು. ಅಮೆರಿಕ 1933ರಲ್ಲಿ ಸೋವಿಯತ್ ಸರಕಾರವನ್ನು ಮಾನ್ಯ ಮಾಡಿದಾಗ ಮೊದಲ ರಾಯಭಾರಿಯ ಜೊತೆಯಲ್ಲಿ ಮಾಸ್ಕೋಗೆ ಹೋದವರಲ್ಲಿ ಇವರೊಬ್ಬರು.

1946ರ ಫೆಬ್ರವರಿಯ ಹೊತ್ತಿಗೆ ಮಹಾಯುದ್ಧ ಮುಗಿದು ಆರು ತಿಂಗಳಾಗಿತ್ತು. ಹಿಟ್ಲರನನ್ನು ಕೂಡಿ ಸೋಲಿಸಿದ ಮಿತ್ರರ ನಡುವೆ ಆಗಲೇ ಬಿರುಕು ಬಿಟ್ಟಿತ್ತು. ವಿಶ್ವಬ್ಯಾಂಕು ಮತ್ತು ಹಣಕಾಸು ನಿಧಿಗಳಿಗೆ ರಷ್ಯ ಏಕೆ ಸೇರಲೊಲ್ಲದು ಎಂದು ವಾಷಿಂಗ್ಟನ್ ವಿಚಾರಿಸಿತು. ರಾಯಭಾರಿ ಊರಿನಲ್ಲಿರಲಿಲ್ಲ. ಕಚೇರಿಯ ಹೊಣೆ ಕೆನನ್ ಮೇಲಿತ್ತು. ಅವರೋ ನೆಗಡಿ ಜ್ವರ ಹಲ್ಲುನೋವುಗಳಿಂದ ಹಾಸಿಗೆ ಹಿಡಿದಿದ್ದರು. ಇಷ್ಟು ದಿನ ಹೇಳಿದ್ದನ್ನು ಕೇಳದವರು ಈಗ ತಾವಾಗಿ ಕೇಳುತ್ತಿದ್ದಾರೆ, ಇನ್ನು ಬಿಡಬಾರದು ಎಂದುಕೊಂಡು, ಮಲಗಿದಲ್ಲಿಂದಲೇ ಹೇಳಿ ಬರೆಸಿದರು. ಫೆಬ್ರವರಿ 22ರಂದು ಹೊರಟ ಆ ತಂತಿಯಲ್ಲಿ 5,000ಕ್ಕೂ ಮಿಕ್ಕಿದ ಶಬ್ದಗಳಿದ್ದವು. 'ದೀರ್ಘ ತಂತಿ' ಎಂದೇ ಇತಿಹಾಸದಲ್ಲಿ ಅದಕ್ಕೆ ಹೆಸರು.

ಅದರ ತಿರುಳು ಇಷ್ಟು. ರಷ್ಯದ ಆಳರಸರ ಮನಸ್ಸಿನ ತಳದಲ್ಲಿ ಇರುವುದು ಹಳೆಯ ಭಯ; ಬಯಲುಸೀಮೆಯ ರೈತಾಪಿ ಜನಕ್ಕೆ ಸುತ್ತಲ ಅಲೆಮಾರಿ ದಂಡುಗಳಿಂದ ಬಂದ ಭಯ. ಮಾರ್ಕ್ಸ್‌ವಾದ ಆ ಭಯಕ್ಕೆ ಹೊದಿಸಿದ ಹೊಸ ಬಟ್ಟೆ. ಅವರೊಡನೆ ತರ್ಕ ಸಾಗದು, ಆದರೆ ಬಲದ ಭಾಷೆ ಅವರಿಗೆ ತಿಳಿಯುತ್ತದೆ. ಗಟ್ಟಿಯಾದ ಎದುರು ಕಂಡರೆ ಹಿಂದೆಗೆಯುತ್ತಾರೆ. ಹಿಟ್ಲರನಂತೆ ಇಂಥ ದಿನಕ್ಕೆ ಇಷ್ಟು ಗೆಲ್ಲಬೇಕೆಂಬ ಆತುರ ಅವರಿಗಿಲ್ಲ. ಆದಕಾರಣ ಯುದ್ಧ ಬೇಕಾಗಿಲ್ಲ. ನಮ್ಮ ಸಮಾಜದ ಆರೋಗ್ಯವನ್ನು ನಾವು ನೋಡಿಕೊಂಡರೆ ಸಾಕು. ಕೊನೆಗೆ ಒಂದು ಎಚ್ಚರಿಕೆ: ಯಾರನ್ನು ಎದುರಿಸಹೊರಟಿದ್ದೇವೋ ಅವರಂತೆಯೇ ನಾವೂ ಆಗಿಬಿಡುವುದೇ ನಮಗಿರುವ ಅತಿ ದೊಡ್ಡ ಅಪಾಯ.

ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ವಾಷಿಂಗ್ಟನ್ ಮೊದಲು ಮರೆತದ್ದು ಅದನ್ನೇ.

ತಂತಿಯನ್ನು ಅಧಿಕಾರಿಗಳೆಲ್ಲ ಕೈಯಿಂದ ಕೈಗೆ ದಾಟಿಸಿ ಓದಿದರು. ನೌಕಾ ಸಚಿವ ಫಾರೆಸ್ಟಲ್ ಪ್ರತಿಗಳನ್ನು ತೆಗೆಸಿ ಹಂಚಿದರು. ಮರುವರ್ಷ, 1947ರ ಜುಲೈ ತಿಂಗಳಲ್ಲಿ, ಅದೇ ವಿಚಾರವನ್ನು ಬೆಳೆಸಿದ ಲೇಖನವೊಂದು 'ಫಾರಿನ್ ಅಫೇರ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಸರಕಾರಿ ನೌಕರ ಹೆಸರು ಹಾಕುವಂತಿಲ್ಲವಾಗಿ 'ಎಕ್ಸ್' ಎಂಬ ಒಂದೇ ಅಕ್ಷರದ ಸಹಿ. ಬರೆದವರಾರೆಂಬುದು ಕೆಲವೇ ದಿನಗಳಲ್ಲಿ ಬಯಲಾಯಿತು. ರಷ್ಯದ ಹಬ್ಬುವಿಕೆಗೆ ದೀರ್ಘಕಾಲ, ತಾಳ್ಮೆಯಿಂದ, ಆದರೆ ಬಿಗಿಯಾಗಿ ಒಡ್ಡು ಕಟ್ಟಬೇಕು. ಹಾಗೆ ಕಟ್ಟಿದರೆ ಕಾಲಕ್ರಮದಲ್ಲಿ ಆ ವ್ಯವಸ್ಥೆ ತಾನಾಗಿ ಸಡಿಲುತ್ತದೆ, ಇಲ್ಲವೆ ಮೆತ್ತಗಾಗುತ್ತದೆ ಎಂಬುದು ಅದರ ವಾದ. 'ತಾಳಿದವನು ಬಾಳಿಯಾನು' ಎಂಬ ನಮ್ಮ ಗಾದೆಯನ್ನು ರಾಜನೀತಿಯ ಭಾಷೆಯಲ್ಲಿ ಬರೆದಂತಿತ್ತು.

ಒಡ್ಡೋ, ಕೋಟೆಯೋ?

ಆ ವರ್ಷ ಅಮೆರಿಕ ಎರಡು ದೊಡ್ಡ ಹೆಜ್ಜೆಗಳನ್ನಿಟ್ಟಿತು. ಎರಡರ ನಡುವೆ ಇರುವ ಭೇದವೇ ಮುಂದಿನ ಕಥೆಯೆಲ್ಲವೂ.

ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ತುರ್ಕಿಗಳ ನೆರವಿಗೆ 40 ಕೋಟಿ ಡಾಲರು ಕೇಳಿದರು. ಕೆನನ್ನರಿಗೆ ಗ್ರೀಸಿನ ನೆರವಿನ ಬಗ್ಗೆ ತಕರಾರಿರಲಿಲ್ಲ. ಎಲ್ಲೆಲ್ಲಿ ಸ್ವತಂತ್ರ ಜನರಿಗೆ ಒತ್ತಡ ಬರುವುದೋ ಅಲ್ಲೆಲ್ಲ ಅಮೆರಿಕ ಬೆಂಬಲಕ್ಕೆ ನಿಲ್ಲುವುದೆಂಬ ಎಲ್ಲೆಯಿಲ್ಲದ ಮಾತನ್ನು ಅಧ್ಯಕ್ಷರು ಆಡಿಬಿಟ್ಟರಲ್ಲ, ಅದಕ್ಕೆ ತಕರಾರು. ಇಡೀ ಲೋಕಕ್ಕೆ ಕಾವಲು ನಿಲ್ಲುತ್ತೇನೆಂದವನು ಯಾವ ಬಾಗಿಲನ್ನೂ ಬಿಡುವಂತಿಲ್ಲ.

ಇನ್ನೊಂದು ಹೆಜ್ಜೆ ಮಾರ್ಷಲ್ ಯೋಜನೆ. ಜೂನ್ 5ರಂದು ವಿದೇಶಾಂಗ ಸಚಿವ ಮಾರ್ಷಲ್ ಹಾರ್ವರ್ಡಿನಲ್ಲಿ ಅದನ್ನು ಸಾರಿದರು. ಅದರ ಹಿಂದಿನ ಲೆಕ್ಕಾಚಾರದಲ್ಲಿ ಕೆನನ್ನರ ಕೈ ದೊಡ್ಡದು. ಆಗ ಅವರು ನೀತಿ ಯೋಜನಾ ಮಂಡಲಿಯ ಮೊದಲ ಮುಖ್ಯಸ್ಥರು. ಹಸಿದ, ಮುರಿದ ಐರೋಪ್ಯ ದೇಶಗಳಿಗೆ 1948ರಿಂದ ನಾಲ್ಕು ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರು ಹರಿಯಿತು. ಕಲ್ಲಿದ್ದಲು, ಗೋಧಿ, ಯಂತ್ರಗಳು ಬಂದವು; ಕಾರ್ಖಾನೆಗಳು ಹೊಗೆಯಾಡಿದವು. ಕೆನನ್ ಹೇಳಿದ 'ತಡೆ' ಎಂದರೆ ಇದು. ಊಟವಿದ್ದ ಮನೆಗೆ ಹೊರಗಿನವನ ಆಮಿಷ ಹೊಗಲಾರದು.

ಅಮೆರಿಕಕ್ಕೆ ನಿಜವಾಗಿ ಮುಖ್ಯವಾದ ಕೈಗಾರಿಕಾ ಬಲದ ನೆಲೆಗಳು ಲೋಕದಲ್ಲಿ ಐದೇ ಎಂದು ಅವರ ಎಣಿಕೆ: ಅಮೆರಿಕ, ಬ್ರಿಟನ್, ಜರ್ಮನಿಯ ರೈನ್ ಕಣಿವೆ, ಜಪಾನ್, ರಷ್ಯ. ಐದನೆಯದು ಎದುರಾಳಿಯ ಕೈಯಲ್ಲಿದೆ. ಉಳಿದ ನಾಲ್ಕು ಅದರ ವಶವಾಗದಂತೆ ನೋಡಿಕೊಂಡರೆ ಸಾಕು. ಬೆಟ್ಟಬೆಟ್ಟಕ್ಕೂ ಕೋಟೆ ಕಟ್ಟಬೇಕಿಲ್ಲ.

ಆದರೆ 'ಎಕ್ಸ್' ಲೇಖನದಲ್ಲಿ ಈ ಎಣಿಕೆ ಸ್ಪಷ್ಟವಾಗಿರಲಿಲ್ಲ. 'ಬಲದಿಂದ ತಡೆಯಬೇಕು' ಎಂದದ್ದು ರಾಜಕೀಯ ಬಲವೋ ಸೈನ್ಯದ ಬಲವೋ ಎಂಬುದನ್ನೂ ಬಿಡಿಸಿ ಹೇಳಿರಲಿಲ್ಲ. ಪ್ರಸಿದ್ಧ ಪತ್ರಕರ್ತ ವಾಲ್ಟರ್ ಲಿಪ್ಮನ್ ಸಾಲು ಲೇಖನಗಳನ್ನು ಬರೆದು, ಈ ನೀತಿ ನಮ್ಮನ್ನು ಲೋಕದ ಮೂಲೆ ಮೂಲೆಯ ಜಗಳಗಳಿಗೆ ಎಳೆಯುತ್ತದೆ ಎಂದು ಹರಿಹಾಯ್ದರು. ವಿಚಿತ್ರವೆಂದರೆ ಅವರು ಹೇಳಿದ್ದರಲ್ಲಿ ಬಹುಪಾಲು ಕೆನನ್ನರ ಮನಸ್ಸಿನಲ್ಲಿದ್ದದ್ದೇ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಲಿಪ್ಮನ್‌ಗೆ ಉದ್ದನೆಯ ಪತ್ರವೊಂದನ್ನು ಬರೆದರು, ಕಳಿಸಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ತಮ್ಮ ಆತ್ಮಕಥೆಯಲ್ಲಿ ಆ ಲೇಖನದ ಕುಂದುಗಳನ್ನು ಒಂದೊಂದಾಗಿ ಒಪ್ಪಿಕೊಂಡರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಬರವಣಿಗೆಯ ಕಸುಬಿನವರೆಲ್ಲ ಇದರಿಂದ ಕಲಿಯಬೇಕಾದ್ದುಂಟು. ಒಂದು ಶಬ್ದವನ್ನು ಸಡಿಲವಾಗಿ ಬಿಟ್ಟರೆ ಅದನ್ನು ಬಿಗಿದುಕೊಳ್ಳುವವನು ಬೇರೊಬ್ಬ.

ಗೆರೆ ದಾಟಿದ ಮೇಲೆ

1949ರ ಏಪ್ರಿಲ್ 4ರಂದು ಹನ್ನೆರಡು ದೇಶಗಳು ಸೇರಿ ನೇಟೋ ಎಂಬ ಸೈನಿಕ ಒಕ್ಕೂಟವನ್ನು ಕಟ್ಟಿದವು. ಕೆನನ್ ಅದಕ್ಕೆ ಒಲವು ತೋರಲಿಲ್ಲ. ಯೂರೋಪು ಎರಡು ಹೋಳಾದದ್ದನ್ನು ಅದು ಶಾಶ್ವತಗೊಳಿಸುತ್ತದೆ ಎಂದರು. ಆ ವರ್ಷವೇ ರಷ್ಯ ಅಣುಬಾಂಬನ್ನು ಸಿಡಿಸಿತು, ಚೀನದಲ್ಲಿ ಮಾವೋ ಗೆದ್ದ. ಹೆದರಿಕೆ ವಾಷಿಂಗ್ಟನ್ನಿನ ಮನೆಯೊಳಗೇ ಬಂದು ಕುಳಿತಿತು. ಜಲಜನಕ ಬಾಂಬು ಬೇಡವೆಂದು ಕೆನನ್ ದೀರ್ಘ ಟಿಪ್ಪಣಿ ಬರೆದರು. 1950ರ ಜನವರಿ 31ರಂದು ಟ್ರೂಮನ್ ಬೇಕೆಂದರು. ಕೆನನ್ನರ ಕುರ್ಚಿಗೆ ಬಂದ ಪಾಲ್ ನಿಟ್ಸೆ ಸಿದ್ಧಪಡಿಸಿದ ಹೊಸ ದಸ್ತಾವೇಜು ತಡೆ ನೀತಿಯನ್ನು ಪೂರಾ ಸೈನ್ಯದ ಭಾಷೆಗೆ ತಿರುಗಿಸಿತು. ಕೊರಿಯ ಯುದ್ಧ ಹೊತ್ತಿಕೊಂಡ ಮೇಲೆ ರಕ್ಷಣಾ ವೆಚ್ಚ ಮೂರು ಪಟ್ಟಿಗೂ ಮೇಲೇರಿತು.

ಕೊರಿಯದ ವಿಷಯದಲ್ಲಿ ನಮ್ಮ ದೇಶದ ಪಾತ್ರವೂ ಇದೆ. 1950ರ ಜೂನ್ 25ರಂದು ಉತ್ತರದವರು ದಕ್ಷಿಣದ ಮೇಲೆ ಬಿದ್ದಾಗ ತಡೆಯಲೇಬೇಕೆಂದು ಕೆನನ್ ಹೇಳಿದರು. ಆದರೆ ಅವರನ್ನು ಅಟ್ಟಿಕೊಂಡು 38ನೆಯ ಅಕ್ಷಾಂಶದ ಗೆರೆಯಾಚೆ ಹೋಗಬಾರದೆಂದೂ ಎಚ್ಚರಿಸಿದರು. ಅಕ್ಟೋಬರಿನ ಆರಂಭದಲ್ಲಿ ಚೀನದ ಪ್ರಧಾನಿ ಚೌ ಎನ್‌ಲಾಯ್, ನಮ್ಮ ರಾಯಭಾರಿ ಸರ್ದಾರ್ ಪಣಿಕ್ಕರರನ್ನು ನಡುರಾತ್ರಿ ಕರೆಸಿ, ಅಮೆರಿಕನ್ನರು ಗೆರೆ ದಾಟಿದರೆ ಚೀನ ಸುಮ್ಮನಿರದು ಎಂದು ತಿಳಿಸಿದರು. ಮಾತು ದೆಹಲಿಯ ಮೂಲಕ ವಾಷಿಂಗ್ಟನ್ನಿಗೆ ಮುಟ್ಟಿತು. ಪಣಿಕ್ಕರರ ಮಾತಿಗೆ ಅಲ್ಲಿ ಯಾರೂ ಬೆಲೆ ಕೊಡಲಿಲ್ಲ. ಗೆರೆ ದಾಟಿದರು, ಚೀನೀ ಸೇನೆ ಇಳಿಯಿತು, ಯುದ್ಧ 1953ರ ಜುಲೈ 27ರವರೆಗೂ ಎಳೆದು, ಹೆಚ್ಚುಕಡಮೆ ಹೊರಟಲ್ಲಿಗೇ ಬಂದು ನಿಂತಿತು. ಸ್ವದೇಶಕ್ಕೆ ಮರಳಲೊಲ್ಲದ ಯುದ್ಧ ಕೈದಿಗಳ ಗೋಜಲನ್ನು ಬಿಡಿಸಲು ತಟಸ್ಥ ರಾಷ್ಟ್ರಗಳ ಆಯೋಗವನ್ನು ನೇಮಿಸಿದಾಗ ಅದರ ಅಧ್ಯಕ್ಷತೆ ವಹಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಗೆದ್ದೆನೆಂದು ಎದೆತಟ್ಟಿಕೊಂಡ ಎರಡು ಕಡೆಯವರ ನಡುವೆ ನಿಂತು ಬೈಗುಳ ತಿಂದು ಕೆಲಸ ಮಾಡಿ ಬಂದರು.

ಕೆನನ್ನರ ಅದೃಷ್ಟವೂ ಆ ಹೊತ್ತಿಗೆ ತಿರುಗಿತ್ತು. 1952ರಲ್ಲಿ ಮಾಸ್ಕೋಗೆ ರಾಯಭಾರಿಯಾಗಿ ಹೋದರು. ಆಳು ಹಿಂದೆ, ಆಳು ಮುಂದೆ, ರಷ್ಯನ್ನರೊಬ್ಬರೂ ಮಾತನಾಡಿಸುವಂತಿಲ್ಲ. ಸೆಪ್ಟೆಂಬರಿನಲ್ಲಿ ಬರ್ಲಿನ್ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರು ಕೇಳಿದಾಗ, ಯುದ್ಧಕಾಲದಲ್ಲಿ ನಾಜಿಗಳು ತಮ್ಮನ್ನು ಜರ್ಮನಿಯಲ್ಲಿ ಕೂಡಿಹಾಕಿದ್ದರಲ್ಲ, ಮಾಸ್ಕೋದ ಬಾಳೂ ಹಾಗೇ ಇದೆ ಎಂದುಬಿಟ್ಟರು. ಜೀವಮಾನವೆಲ್ಲ ಸಂಯಮ ಬೋಧಿಸಿದವರ ಬಾಯಿಂದ ಒಂದು ಗಳಿಗೆ ಜಾರಿದ ಮಾತು. ಸ್ಟಾಲಿನ್ನನ ಸರಕಾರ ಅವರಿಗೆ ಬಾಗಿಲು ಮುಚ್ಚಿತು. ಮರುವರ್ಷ ಬಂದ ಹೊಸ ವಿದೇಶಾಂಗ ಸಚಿವ ಡಲ್ಲೆಸ್ ತಮ್ಮ ಬಳಿ ಅವರಿಗೆ ಕೆಲಸವಿಲ್ಲವೆಂದರು. ನಲವತ್ತೊಂಬತ್ತರ ವಯಸ್ಸಿಗೆ ಕೆನನ್ ಸೇವೆ ಬಿಟ್ಟು ಪ್ರಿನ್ಸ್‌ಟನ್ನಿನಲ್ಲಿ ಇತಿಹಾಸಕಾರರಾದರು. ಮುಂದೆ ಕೆನಡಿಯ ಕಾಲದಲ್ಲಿ ಎರಡು ವರ್ಷ ಯುಗೋಸ್ಲಾವಿಯದ ರಾಯಭಾರಿಯಾದದ್ದು ಬಿಟ್ಟರೆ ಮತ್ತೆ ಅಧಿಕಾರದ ಮೆಟ್ಟಿಲು ಹತ್ತಲಿಲ್ಲ.

ಇಲಿಯ ಬಿಲವೂ ರೇಷನ್ ಅಂಗಡಿಯೂ

ಇಷ್ಟು ಹೇಳಿ ಕೆನನ್ನರನ್ನು ಋಷಿಯೆಂದು ಪೀಠಕ್ಕೇರಿಸಿದರೆ ಅದು ಇತಿಹಾಸವಾಗದು. ಅವರ ಕೈಯೂ ಪೂರ್ತಿ ತೊಳೆದದ್ದಲ್ಲ. 1948ರಲ್ಲಿ ಪರದೇಶಗಳಲ್ಲಿ ಗುಪ್ತ ಕಾರ್ಯಾಚರಣೆ ನಡೆಸಲು ಅಮೆರಿಕ ಒಂದು ಶಾಖೆಯನ್ನು ತೆರೆದಾಗ ಅದಕ್ಕೆ ಹೊಳಹು ಕೊಟ್ಟವರಲ್ಲಿ ಅವರೂ ಒಬ್ಬರು. ಅಪರೂಪಕ್ಕೆ, ಅತಿ ಅವಶ್ಯವಾದಾಗ ಮಾತ್ರ ಬಳಸುವ ಅಸ್ತ್ರವೆಂದು ಅವರ ಭಾವನೆ. ಇಲಿಗೆ ಬಿಲ ತೋರಿಸಿ 'ಆಗೊಮ್ಮೆ ಈಗೊಮ್ಮೆ ಮಾತ್ರ ಹೋಗು' ಎಂದಂತಾಯಿತು. 1953ರಲ್ಲಿ ಇರಾನಿನಲ್ಲಿ ಚುನಾಯಿತ ಪ್ರಧಾನಿ ಮೊಸಾದೆಘ್, 1954ರಲ್ಲಿ ಗ್ವಾಟೆಮಾಲದಲ್ಲಿ ಚುನಾಯಿತ ಅಧ್ಯಕ್ಷ ಆರ್ಬೆನ್ಸ್ ಗುಪ್ತಚರರ ಕೈವಾಡದಿಂದ ಉರುಳಿದರು. ಯಾರನ್ನು ಎದುರಿಸುತ್ತೇವೋ ಅವರಂತಾಗಬಾರದು ಎಂದು ಬರೆದ ಕೈಯೇ ಆ ದಾರಿಗೆ ಕಲ್ಲು ಹಾಸಿತ್ತು. 1975ರಲ್ಲಿ ಸೆನೆಟ್ಟಿನ ಸಮಿತಿಯ ಮುಂದೆ ಕೆನನ್, ಅದು ತಾವು ಮಾಡಿದ ಅತಿ ದೊಡ್ಡ ತಪ್ಪು ಎಂದು ಒಪ್ಪಿಕೊಂಡರು.

ಏಷ್ಯ ಆಫ್ರಿಕಗಳ ಬಗ್ಗೆ ಅವರಿಗೆ ಆದರವೂ ಇರಲಿಲ್ಲ. 1948ರ ಒಂದು ಟಿಪ್ಪಣಿಯಲ್ಲಿ, ಲೋಕದ ಜನಸಂಖ್ಯೆಯಲ್ಲಿ ನೂರಕ್ಕೆ ಆರರಷ್ಟಿರುವ ನಮ್ಮ ಬಳಿ ಲೋಕದ ಸಂಪತ್ತಿನ ಅರ್ಧದಷ್ಟಿದೆ; ಈ ಅಂತರ ಉಳಿಯುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ ಎಂಬರ್ಥದ ಮಾತು ಬರೆದಿದ್ದರು. ನಮ್ಮಂಥವರು ಅವರ ಲೆಕ್ಕದ ಪುಸ್ತಕದಲ್ಲಿ ಎಲ್ಲಿದ್ದೆವೆಂಬುದು ಇದರಿಂದ ತಿಳಿಯುತ್ತದೆ.

ಆ ಲೆಕ್ಕದ ಇನ್ನೊಂದು ತುದಿಯನ್ನು ನಾನು ಹುಡುಗನಾಗಿ ಕಂಡಿದ್ದೇನೆ. 1966ರಲ್ಲಿ ಮಳೆ ಕೈಕೊಟ್ಟಿತ್ತು. ಅಮ್ಮ ಕೊಟ್ಟ ಕೈಚೀಲ ಹಿಡಿದು ರೇಷನ್ ಅಂಗಡಿಯ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಬರುತ್ತಿದ್ದದ್ದು ಅಮೆರಿಕದ ಗೋಧಿ. ರಾಗಿ ಮುದ್ದೆಯ ಮನೆಯಲ್ಲಿ ಚಪಾತಿ ಲಟ್ಟಿಸಲು ಅಮ್ಮ ಕಲಿತದ್ದು ಆ ವರ್ಷವೇ. ಅಪ್ಪ ಪತ್ರಿಕೆ ಓದುತ್ತ, "ಹಡಗು ಇನ್ನೂ ಹೊರಟಿಲ್ಲವಂತೆ" ಎನ್ನುತ್ತಿದ್ದರು. ಹಡಗಿಗೂ ನಮ್ಮ ಒಲೆಗೂ ಏನು ಸಂಬಂಧವೆಂದು ಆಗ ತಿಳಿದಿರಲಿಲ್ಲ. ವಿಯಟ್ನಾಂ ಯುದ್ಧವನ್ನು ಭಾರತ ಆಕ್ಷೇಪಿಸುತ್ತಿತ್ತು; ಅಧ್ಯಕ್ಷ ಜಾನ್ಸನ್‌ರಿಗೆ ಅದು ಹಿಡಿಸಿರಲಿಲ್ಲ; ಬೇಸಾಯದ ನೀತಿಯನ್ನೂ ಬದಲಿಸಿಕೊಳ್ಳಬೇಕೆಂದು ಒತ್ತಾಯವಿತ್ತು. ಗೋಧಿಯನ್ನು ಒಮ್ಮೆಗೇ ಕೊಡದೆ ಹಗ್ಗ ಬಿಗಿಹಿಡಿದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದರು. ಆ ಗೋಧಿಯಿಂದ ಲಕ್ಷಾಂತರ ಜೀವ ಉಳಿದದ್ದು ನಿಜ. ಅದನ್ನು ಮರೆಯುವುದು ಕೃತಘ್ನತೆ. ಆದರೆ ಅನ್ನ ಇಕ್ಕುವ ಕೈ ನಡುನಡುವೆ ತಡೆದು ಮುಖ ನೋಡಿದರೆ ಉಣ್ಣುವವನಿಗೆ ಆ ನೋಟವೇ ನೆನಪಿನಲ್ಲಿ ಉಳಿಯುತ್ತದೆ.

ಅದೇ ವರ್ಷ ಫೆಬ್ರವರಿ 10ರಂದು ಸೆನೆಟ್ಟಿನ ವಿದೇಶಾಂಗ ಸಮಿತಿ ಕೆನನ್ನರನ್ನು ವಿಯಟ್ನಾಮಿನ ಬಗ್ಗೆ ಸಾಕ್ಷ್ಯ ಹೇಳಲು ಕರೆಯಿತು. ತಡೆ ನೀತಿಯ ಹೆಸರಿನಲ್ಲಿಯೇ ಅಮೆರಿಕ ಅಲ್ಲಿ ಯುದ್ಧ ಹೂಡಿತ್ತಷ್ಟೆ. ಅದರ ಜನಕರು ಬಂದು, ವಿಯಟ್ನಾಂ ನಮಗೆ ಅಷ್ಟು ಮುಖ್ಯವಾದ ನೆಲೆಯಲ್ಲ. ತಪ್ಪು ಜಾಗದಲ್ಲಿ ಹಟ ಹಿಡಿದು ನಿಲ್ಲುವುದಕ್ಕಿಂತ ಧೈರ್ಯದಿಂದ ಹಿಂದೆಗೆದರೆ ಲೋಕ ಹೆಚ್ಚು ಗೌರವಿಸುತ್ತದೆ ಎಂದರು. ರಾಕ್ಷಸರನ್ನು ಹುಡುಕಿಕೊಂಡು ಅಮೆರಿಕ ಪರದೇಶಕ್ಕೆ ಹೋಗುವುದಿಲ್ಲವೆಂದು 1821ರಲ್ಲಿ ಜಾನ್ ಕ್ವಿನ್ಸಿ ಆಡಮ್ಸ್ ಹೇಳಿದ್ದನ್ನು ನೆನಪಿಸಿದರು. ದೊಡ್ಡ ದೂರದರ್ಶನ ಸಂಸ್ಥೆಯೊಂದು ಆ ಸಾಕ್ಷ್ಯವನ್ನು ಬಿತ್ತರಿಸುವ ಬದಲು ಹಳೆಯ ಹಾಸ್ಯ ಕಾರ್ಯಕ್ರಮವನ್ನು ಮರಳಿ ತೋರಿಸಿತು. ಅದರ ಸುದ್ದಿ ವಿಭಾಗದ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ ಆ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಆಗ ವಿಯಟ್ನಾಮಿನಲ್ಲಿ ಅಮೆರಿಕದ ಸೈನಿಕರು ಸುಮಾರು ಎರಡು ಲಕ್ಷ. ಎರಡು ವರ್ಷಗಳಲ್ಲಿ ಐದು ಲಕ್ಷ ದಾಟಿದರು. 58,000 ಅಮೆರಿಕನ್ನರೂ ಅದರ ಎಷ್ಟೋ ಪಟ್ಟು ವಿಯಟ್ನಾಮೀಯರೂ ಸತ್ತ ಮೇಲೆ, 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದಿತು. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.'

ಇದರ ನಡುವೆ ಒಂದು ಸಣ್ಣ ಸಂಗತಿ. 1967ರ ಮಾರ್ಚಿಯಲ್ಲಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೆಂಗಸೊಬ್ಬಳು ಬಂದು ಆಶ್ರಯ ಕೇಳಿದಳು. ಆಕೆ ಸ್ಟಾಲಿನ್ನನ ಮಗಳು ಸ್ವೆತ್ಲಾನ. ತಾನು ಪತಿಯೆಂದೇ ಭಾವಿಸಿದ್ದ ಬ್ರಜೇಶ್ ಸಿಂಗ್ ಎಂಬವರ ಅಸ್ಥಿಯನ್ನು ಗಂಗೆಯಲ್ಲಿ ಬಿಡಲು ಉತ್ತರ ಪ್ರದೇಶದ ಕಾಲಾಕಾಂಕರಕ್ಕೆ ಬಂದವಳು, ಮರಳಿ ಹೋಗಲೊಲ್ಲದೆ ಅಮೆರಿಕದ ದಾರಿ ಹಿಡಿದಳು. ಅಲ್ಲಿ ಆಕೆಗೆ ನೆರವಾದವರು ಕೆನನ್. ಆ ಬೇಸಗೆಯಲ್ಲಿ ಆಕೆ ಉಳಿದದ್ದು ಅವರದೇ ತೋಟದ ಮನೆಯಲ್ಲಿ. ಹದಿನೈದು ವರ್ಷದ ಹಿಂದೆ ತಂದೆ ಹೊರದಬ್ಬಿದವನ ಮನೆಯಲ್ಲಿ ಮಗಳಿಗೆ ಎಲೆ ಹಾಕಿದರು.

ಗೆದ್ದ ಮೇಲಿನ ಕಥೆ

1987ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿಗೆ ಬಂದ ಗೋರ್ಬಚೇವ್, ಸತ್ಕಾರಕೂಟದಲ್ಲಿ ಮುದುಕ ಕೆನನ್ನರನ್ನು ಗುರುತು ಹಿಡಿದು ಅಪ್ಪಿಕೊಂಡರು. ನಾಲ್ಕು ವರ್ಷಗಳಲ್ಲಿ, 1991ರ ಡಿಸೆಂಬರಿನಲ್ಲಿ, ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪಕ್ಷದ ಒಗ್ಗಟ್ಟು ಮುರಿದರೆ ಆ ಮಹಾಬಲಶಾಲಿ ದೇಶ ರಾತ್ರಿ ಬೆಳಗಾಗುವುದರಲ್ಲಿ ಬಲಹೀನವಾದೀತೆಂದು 1947ರ ಲೇಖನದಲ್ಲಿ ಅವರು ಸೂಚಿಸಿದ್ದರು. ನಲವತ್ತನಾಲ್ಕು ವರ್ಷ ಕಾದು ಮಾತು ನಿಜವಾಯಿತು. ಅಮೆರಿಕ ಗುಂಡು ಹಾರಿಸದೆ ರಷ್ಯವನ್ನು ಗೆದ್ದಿತು. ಆದರೆ ನಮ್ಮ ಕಡೆ ಕೋರ್ಟು ಕಚೇರಿ ಅಲೆದವರು ಹೇಳುವ ಮಾತೊಂದಿದೆ: 'ಗೆದ್ದವನು ಸೋತ, ಸೋತವನು ಸತ್ತ.' ಗೆಲವನ್ನು ಹೇಗೆ ಬಳಸಬೇಕೆಂಬುದು ಗೆಲ್ಲುವುದಕ್ಕಿಂತ ಕಷ್ಟದ ವಿದ್ಯೆ.

ಪೋಲೆಂಡ್, ಹಂಗೇರಿ, ಚೆಕ್ ದೇಶಗಳನ್ನು ನೇಟೋದೊಳಕ್ಕೆ ಸೇರಿಸಿಕೊಳ್ಳುವ ಮಾತು ನಡೆದಾಗ, 1997ರ ಫೆಬ್ರವರಿಯಲ್ಲಿ ಕೆನನ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು. ಶೀತಲ ಸಮರದ ನಂತರದ ಅಮೆರಿಕದ ನೀತಿಯಲ್ಲಿ ಇದಕ್ಕಿಂತ ದುರ್ದೈವದ ತಪ್ಪು ಇನ್ನೊಂದಾಗದು. ರಷ್ಯದಲ್ಲಿ ಉಗ್ರ ರಾಷ್ಟ್ರೀಯತೆಗೆ ಕಿಚ್ಚು ಹಚ್ಚುತ್ತದೆ, ಅಲ್ಲಿ ಚಿಗುರುತ್ತಿರುವ ಪ್ರಜಾಪ್ರಭುತ್ವವನ್ನು ಸುಡುತ್ತದೆ ಎಂಬುದು ಅದರ ಸಾರ. 1998ರ ಏಪ್ರಿಲ್ 30ರಂದು ಸೆನೆಟ್ 80ಕ್ಕೆ 19 ಮತಗಳಿಂದ ವಿಸ್ತರಣೆಗೆ ಒಪ್ಪಿತು. ಇದು ಹೊಸ ಶೀತಲ ಸಮರದ ಆರಂಭವೆಂದು ಕೆನನ್ ಪತ್ರಕರ್ತರೊಬ್ಬರಿಗೆ ಹೇಳಿದರು. ನಾನು ತರಗತಿಯಲ್ಲಿ 'ಕಾಲವಾಗಿರಬೇಕಪ್ಪ' ಎಂದದ್ದು ಅದೇ ವರ್ಷ.

1999ರಲ್ಲಿ ಮೂರು ದೇಶಗಳು ಸೇರಿದವು, 2004ರಲ್ಲಿ ಏಳು. 2008ರ ಫೆಬ್ರವರಿಯಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿ ವಿಲಿಯಂ ಬರ್ನ್ಸ್ ವಾಷಿಂಗ್ಟನ್ನಿಗೆ ಇನ್ನೊಂದು ತಂತಿ ಕಳಿಸಿದರು: ಯುಕ್ರೇನನ್ನು ಸೇರಿಸಿಕೊಳ್ಳುವುದನ್ನು ರಷ್ಯ ಯಾವ ಕಾರಣಕ್ಕೂ ಸಹಿಸದು. 1946ರ ಫೆಬ್ರವರಿಯ ತಂತಿಯನ್ನು ಎಲ್ಲರೂ ಓದಿದ್ದರು, ತಮಗೆ ಬೇಕಾದಂತೆ; ಇದನ್ನು ಓದಿಯೂ ಪಕ್ಕಕ್ಕಿಟ್ಟರು. ಏಪ್ರಿಲ್‌ನಲ್ಲಿ ಬುಖಾರೆಸ್ಟ್‌ನಲ್ಲಿ ಸೇರಿದ ನೇಟೋ ಮುಖಂಡರಲ್ಲಿ ಜರ್ಮನಿ ಫ್ರಾನ್ಸ್‌ಗಳು ಅನುಮಾನಿಸಿದವು, ಅಮೆರಿಕ ಒತ್ತಾಯಿಸಿತು. ಕೊನೆಗೆ ಯುಕ್ರೇನ್, ಜಾರ್ಜಿಯಗಳು ಮುಂದೊಂದು ದಿನ ಸದಸ್ಯರಾಗುವರು ಎಂದು ಸಾರಿದರು. ಯಾವಾಗ ಎಂದು ಹೇಳಲಿಲ್ಲ, ಅಲ್ಲಿಯವರೆಗೆ ಕಾಯುವವರಾರು ಎಂದೂ ಹೇಳಲಿಲ್ಲ. ಕಾವಲೂ ಇಲ್ಲ, ಕಣಜ ತುಂಬಿದೆ ಎಂಬ ಡಂಗುರ ಮಾತ್ರ. ಆ ಆಗಸ್ಟಿನಲ್ಲಿ ಜಾರ್ಜಿಯದಲ್ಲಿ ಯುದ್ಧ. 2014ರಲ್ಲಿ ಕ್ರೈಮಿಯ ರಷ್ಯದ ವಶ. 2022ರಲ್ಲಿ ಕೀವ್‌ನ ಬಾಗಿಲಿಗೇ ಟ್ಯಾಂಕುಗಳು.

ಹಾಗಾದರೆ ಕೆನನ್ ಹೇಳಿದ್ದೇ ಸರಿ, ತಪ್ಪೆಲ್ಲ ಅಮೆರಿಕದ್ದು ಎನ್ನಬಹುದೆ? ವಾಯುವಿಹಾರದ ಗೆಳೆಯರು ನನ್ನಿಂದ ಬಯಸಿದ್ದು ಅಂಥ ಉತ್ತರವನ್ನೇ. ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪೋಲೆಂಡಿನ ಅಜ್ಜಿಯೊಬ್ಬಳ ಕಡೆಯಿಂದ ನೋಡಿ. 1956ರಲ್ಲಿ ಹಂಗೇರಿಗೆ, 1968ರಲ್ಲಿ ಚೆಕ್ ದೇಶಕ್ಕೆ ರಷ್ಯದ ಟ್ಯಾಂಕುಗಳು ಬಂದದ್ದನ್ನು ಕಂಡವಳು ಆಕೆ. ನೇಟೋ ಆಕೆಯ ದೇಶಕ್ಕೆ ತಾನಾಗಿ ನುಗ್ಗಲಿಲ್ಲ. ಆಕೆಯ ದೇಶವೇ ಹೋಗಿ ಬಾಗಿಲು ತಟ್ಟಿತು. ಇನ್ನು ಯುಕ್ರೇನ್, 1994ರ ಡಿಸೆಂಬರಿನಲ್ಲಿ ಬುಡಾಪೆಸ್ಟ್‌ನಲ್ಲಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಅದರ ಗಡಿಯನ್ನು ಗೌರವಿಸುವುದಾಗಿ ಅಮೆರಿಕ, ಬ್ರಿಟನ್‌ಗಳೊಡನೆ ರಷ್ಯವೂ ರುಜು ಹಾಕಿತ್ತು. ಆ ರುಜುವನ್ನು ಅಳಿಸಿದ್ದು ಅಮೆರಿಕವಲ್ಲ. ನೆರೆಮನೆಯವನು ಬೀಗ ಬದಲಿಸಿದನೆಂಬುದು ಅವನ ಮನೆಗೆ ಬೆಂಕಿಯಿಡಲು ಕಾರಣವಾಗದು. ತಟಸ್ಥವಾಗಿದ್ದ ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನೇಟೋ ಸೇರಿದ್ದು ಈ ಬೆಂಕಿಯನ್ನು ಕಂಡ ಮೇಲೆ.

ದೊಡ್ಡವರ ನೆಮ್ಮದಿಗಾಗಿ ಸಣ್ಣವರು ಅಂಜಿಕೊಂಡೇ ಬಾಳಬೇಕೆ ಎಂಬ ಪ್ರಶ್ನೆಗೆ ಕೆನನ್ನರ ಪುಸ್ತಕದಲ್ಲಿ ನನಗೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಅವರ ಲೆಕ್ಕದಲ್ಲಿ ಐದು ನೆಲೆಗಳಿದ್ದವಷ್ಟೆ, ಉಳಿದವರೆಲ್ಲ ಅಂಚಿನಲ್ಲಿ. ರೇಷನ್ ಸಾಲಿನಲ್ಲಿ ನಿಂತಿದ್ದವನಿಗೆ ಅಂಚೆಂದರೇನೆಂದು ಗೊತ್ತು. ಆದರೂ ಒಂದು ಮಾತಿನಲ್ಲಿ ಅವರು ಕೊನೆಯವರೆಗೂ ಕದಲಲಿಲ್ಲ. ಬಲವಂತನಿಗೆ ಮೊದಲು ಬೇಕಾದದ್ದು ತನ್ನ ಬಲದ ಎಲ್ಲೆಯ ಅರಿವು. 2002ರ ಸೆಪ್ಟೆಂಬರಿನಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ, ಇರಾಕ್ ಯುದ್ಧದ ತಯಾರಿಯನ್ನು ಕಂಡು, ಯುದ್ಧವನ್ನು ಒಂದು ಉದ್ದೇಶದಿಂದ ಆರಂಭಿಸುತ್ತೀರಿ, ಆಮೇಲೆ ನೀವೆಂದೂ ನೆನೆಯದ ಉದ್ದೇಶಗಳಿಗಾಗಿ ಹೋರಾಡುತ್ತೀರಿ ಎಂದು ಎಚ್ಚರಿಸಿದರು. 2003ರ ಮಾರ್ಚಿಯಲ್ಲಿ ಯುದ್ಧವಾಯಿತು. ಹುಡುಕಹೊರಟ ಮಾರಕಾಸ್ತ್ರಗಳು ಸಿಗಲಿಲ್ಲ. ಅಫ್ಘಾನಿಸ್ತಾನದಲ್ಲಿ 2001ರಲ್ಲಿ ಇಳಿದ ಸೇನೆ 2021ರ ಆಗಸ್ಟ್ 30ರ ರಾತ್ರಿ ಕಡೆಯ ವಿಮಾನ ಹತ್ತಿದಾಗ, ಇಪ್ಪತ್ತು ವರ್ಷದ ಹಿಂದೆ ಓಡಿಸಿದ ತಾಲಿಬಾನರೇ ಕಾಬೂಲಿನ ಗದ್ದುಗೆಯಲ್ಲಿದ್ದರು. ಇದನ್ನು ನೋಡಲು ಕೆನನ್ ಇರಲಿಲ್ಲ. 2005ರ ಮಾರ್ಚ್ 17ರಂದು, ನೂರೊಂದು ತುಂಬಿದ ಮೇಲೆ, ಪ್ರಿನ್ಸ್‌ಟನ್ನಿನ ಮನೆಯಲ್ಲಿ ತೀರಿಕೊಂಡಿದ್ದರು.

ಒಬ್ಬನ ಮಾತನ್ನು ಅರ್ಧ ಕೇಳಿ ಆಚಾರ್ಯನೆಂದು ಹೊಗಳಿ, ಉಳಿದರ್ಧವನ್ನು ಹೇಳಲು ಬಂದಾಗ ಕಿವಿ ಮುಚ್ಚಿಕೊಳ್ಳುವುದು ಮಹಾರಾಷ್ಟ್ರಗಳಿಗೆ ಮಾತ್ರ ಮೀಸಲಾದ ತಪ್ಪಲ್ಲ. ಒಂದು ಅಂಕದ ಸಾಲಿನಲ್ಲಿ ಅವರನ್ನು ಹೂತವನು ನಾನೂ ಹೌದು. ಹಿಂದಿನ ಬೆಂಚಿನ ಆ ಹುಡುಗ ಈಗ ನಡುವಯಸ್ಸಿನ ಗೃಹಸ್ಥನಾಗಿರಬೇಕು. ಭಾನುವಾರದ ಈ ಪುಟ ಅವನ ಕಣ್ಣಿಗೆ ಬಿದ್ದರೆ ತಡವಾದ ಈ ತಿದ್ದುಪಡಿಯನ್ನು ಸ್ವೀಕರಿಸಲಿ: ನೀನು ಕೇಳಿದ ದಿನ ಆತ ಬದುಕಿದ್ದರಪ್ಪ, ನಾವು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.